ಅಮ್ಮ ನಿಲ್ಲಿಸಿದ ಜಾಗ

ಯಂತ್ರದ ಕಿರೀಟದ ಒಳಗಿನ ತಂತಿಗಳು ತಲೆಗೆ ತಣ್ಣಗೆ ಅಂಟಿಕೊಂಡವು. ಗಾಜಿನ ಆಚೆ ಹಸಿರು ದೀಪ ಹತ್ತಿತು. ಮರುಕ್ಷಣ, ಮಂದಾಕಿನಿಗೆ ಆರು ವರ್ಷವಿದ್ದಾಗ ತೀರಿಹೋಗಿದ್ದ ಅಮ್ಮ ಅವಳ ಕಿವಿಯ ಪಕ್ಕದಲ್ಲೇ ಗಂಟಲು ಸರಿಮಾಡಿಕೊಂಡಳು.

“ಒಂದೂರಲ್ಲಿ ಒಬ್ಬ ರಾಕ್ಷಸ ಊರೋರ ನಿದ್ದೆನೆಲ್ಲ ಕದ್ಕೊಂಡು ಹೋಗ್ಬಿಟ್ಟ…”

ಶ್ರವಣಸ್ಮೃತಿ ಯಂತ್ರ ಹೊಸದೇನನ್ನೂ ಸೃಷ್ಟಿಸುವುದಿಲ್ಲ. ಬಾಲ್ಯದಲ್ಲಿ ಮತ್ತೆ ಮತ್ತೆ ಕೇಳಿದ ದನಿ ಮಿದುಳಿನಲ್ಲಿ ಒಂದು ಧ್ವನಿರೇಖೆಯನ್ನು ಉಳಿಸಿರುತ್ತದೆ. ಯಂತ್ರ ಅದನ್ನು ಹುಡುಕಿ, ಸುತ್ತಲಿನ ಗದ್ದಲವನ್ನು ಸೋಸಿ ಕೇಳಿಸುತ್ತದೆ. ತೊಂದರೆಯೆಂದರೆ, ಎತ್ತಿದಷ್ಟೂ ರೇಖೆ ಸವೆಯುತ್ತದೆ. ಮೂರನೆಯ ಸಲದ ನಂತರ ಏನೂ ಉಳಿಯುವುದಿಲ್ಲ. ಜನ ಬಂದು ತೀರಿಹೋದವರ ಬುದ್ಧಿಮಾತನ್ನು ಕೇಳುತ್ತಾರೆ ಎಂದು ಯಂತ್ರವನ್ನಿಟ್ಟಿದ್ದ ಮೈಸೂರಿನ ಕೇಂದ್ರದವರು ಎಣಿಸಿದ್ದರು. ಬಂದವರಲ್ಲಿ ನ್ಯಾಯಾಧೀಶರಿದ್ದರು, ಬಸ್ ಕಂಡಕ್ಟರುಗಳಿದ್ದರು, ಮೊಮ್ಮಕ್ಕಳನ್ನು ಕಂಡವರಿದ್ದರು. ಹೆಚ್ಚಿನವರು ಕೇಳಿದ್ದು ರಾಕ್ಷಸರ, ರಾಜಕುಮಾರಿಯರ ಕಥೆಯನ್ನೇ.

ಅಮ್ಮನ ಕಥೆಯಲ್ಲಿ ಒಬ್ಬ ಪುಟ್ಟ ಹುಡುಗಿ ಊರಿನ ನಿದ್ದೆ ತರಲು ಹೊರಟಳು. ಮುಳ್ಳಿನ ಕಾಡು ದಾಟಿದಳು. ಪ್ರತಿ ಮಾತಿನ ಕೊನೆಗೂ ಅಮ್ಮ ಒಂದಿಷ್ಟು ತಡೆಯುತ್ತಿದ್ದಳು, ಮತ್ತೆ ಹೇಳುತ್ತಿದ್ದಳು. ಹುಡುಗಿ ರಾಕ್ಷಸನ ಮನೆಯ ಕದ ತಟ್ಟಿದಳು.

ಅಷ್ಟೇ. ಹಸಿರು ದೀಪ ಆರಿತು.

“ಮೊನ್ನೆಯೂ ಇಲ್ಲೇ ನಿಂತಿತ್ತು,” ಎಂದಳು ಮಂದಾಕಿನಿ. ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು ಅವಳು. ಉತ್ತರ ಸಿಗದ ಲೆಕ್ಕ ಅವಳನ್ನು ಮಲಗಲು ಬಿಡುತ್ತಿರಲಿಲ್ಲ. ಈ ಒಂದು ಲೆಕ್ಕವಂತೂ ಜೀವಮಾನವೆಲ್ಲ ಬಿಟ್ಟಿರಲಿಲ್ಲ. ಆ ಹುಡುಗಿ ಮನೆಗೆ ಮರಳಿದಳೇ?

ಯಂತ್ರದ ವಿನ್ಯಾಸಕಾರ ಡಾ. ಜೀವಂಧರ ಒಳಗೆ ಬಂದ. “ನೀವು ಅಲ್ಲಿ ನಿದ್ದೆ ಹೋಗಿರ್ತೀರಿ ಮೇಡಂ. ಕೇಳಿಸ್ಕೊಳ್ಳದೇ ಇದ್ದದ್ದನ್ನ ಯಂತ್ರ ಎಲ್ಲಿಂದ ತರ್ಬೇಕು?”

“ಡಾಕ್ಟ್ರೇ, ಅಮ್ಮ ತಡೀತಾಳಲ್ಲ, ಆ ಜಾಗದಲ್ಲಿ ಏನೋ ಅಳಿಸಿದ್ದೀರಿ.”

“ಅಳಿಸಿಲ್ಲ, ಸೋಸಿದ್ದೀವಿ. ಅದು ನಿಮ್ಮದೇ ದನಿ. ಹೂಂ, ಹೂಂ ಅಂತ. ಯಂತ್ರದ ಲೆಕ್ಕಕ್ಕೆ ಅದು ಗದ್ದಲ.”

“ಗದ್ದಲವಾ! ನಾನು ಹೂಂ ಅನ್ನದಿದ್ರೆ ಅಮ್ಮ ಮುಂದಕ್ಕೇ ಹೋಗ್ತಿರ್ಲಿಲ್ಲ ಕಣ್ರೀ. ನಿಮ್ಮನೇಲಿ ಯಾರೂ ಕಥೆ ಹೇಳ್ಲಿಲ್ವಾ?”

ಜೀವಂಧರ ತಲೆ ಕೆರೆದುಕೊಂಡ. “ಅಜ್ಜಿ ಹೇಳೋರು. ನಾನೂ ಹೂಂ ಅಂತಿದ್ದೆ. ಇದನ್ನ ಮಾಡುವಾಗ ಹೊಳೀಲೇ ಇಲ್ಲ ನೋಡಿ.” ಯಂತ್ರದ ಪರದೆಯತ್ತ ತಿರುಗಿ ಹೇಳಿದ: “ಕಣ್ಣು ಮುಚ್ಚಿದ ಮೇಲೂ ಕಿವಿ ಒಂದಿಷ್ಟು ಹೊತ್ತು ಎಚ್ಚರ ಇರುತ್ತೆ. ಅಲ್ಲೊಂದು ತೆಳು ರೇಖೆ ಇರಬಹುದು. ನೀವೀಗ ಹೂಂ ಅಂದ್ರೆ ಅದು ಎದ್ದು ಬಂದ್ರೂ ಬಂತು. ಆದ್ರೆ ನಡುವೆ ನೀವು ಮಾತಾಡಿದ್ರೆ ಇರೋ ರೇಖೆಯೂ ಹರಿದುಹೋಗಬಹುದು. ಇನ್ನೊಂದೇ ಸಲ ಉಳಿದಿರೋದು. ಸುಮ್ಮನೆ ಕೂತು ಕೇಳಿದ್ರೆ ಅಮ್ಮನ ದನಿಯಂತೂ ಗ್ಯಾರಂಟಿ.”

“ಕ್ಲಾಸಲ್ಲಿ ಎಲ್ಲರನ್ನೂ ಸುಮ್ಮನಿರಿಸಿದವಳಿಗೇ ಸುಮ್ಮನಿರು ಅಂತೀರಲ್ಲ,” ಎಂದು ನಕ್ಕಳು. ಕೈ ಮಾತ್ರ ಕುರ್ಚಿಯ ತೋಳನ್ನು ಬಿಡಲಿಲ್ಲ. ಹುಡುಗಿ ಕದ ತಟ್ಟುವ ತನಕ ಅಮ್ಮನ ದನಿ ಸಿಕ್ಕರೆ ಸಾಲದೇ? ಸಾಲದು ಎಂದು ಅವಳಿಗೆ ಗೊತ್ತಿತ್ತು.

ಹಸಿರು ದೀಪ ಹತ್ತಿತು. ಈ ಸಲ ದನಿ ಮಸುಕಾಗಿತ್ತು. ಮೊದಲ ತಡೆಯಲ್ಲಿ ಅವಳು ಹೆದರುತ್ತ “ಹೂಂ” ಎಂದಳು. ರೇಖೆ ಹರಿದುಹೋಗಲಿಲ್ಲ. ಕಾಡು ಮುಗಿಯಿತು. ಹುಡುಗಿ ಕದ ತಟ್ಟಿದಳು. ಮೌನ.

“ಹೂಂ,” ಎಂದಳು ಮಂದಾಕಿನಿ.

ದೀಪ ನಡುಗಿತು, ಆರಲಿಲ್ಲ. ಬಹಳ ದೂರದಿಂದ, ನೀರಿನಡಿಯಿಂದ ಎಂಬಂತೆ ಅಮ್ಮ ಪಿಸುಗುಟ್ಟಿದಳು.

“ಮಲಗಿದ್ಯೇನೇ? ಮಲ್ಕೋ. ಮುಂದಿಂದು ನಂಗೂ ಗೊತ್ತಿಲ್ಲ ಕಣೇ. ನಮ್ಮಮ್ಮ ಹೇಳುವಾಗ ನಾನೂ ಇಲ್ಲೇ ನಿದ್ದೆ ಹೋಗ್ತಿದ್ದೆ. ಕೇಳೋಣ ಅಂದ್ರೆ ಅವಳೂ ಇಲ್ಲ. ನೀನು ದೊಡ್ಡೋಳಾದ್ಮೇಲೆ ನಂಗೊಂದಿನ ಹೇಳ್ತೀಯಾ?”

ದೀಪ ಆರಿತು.

ಜೀವಂಧರ ಪರದೆಯನ್ನು ನೋಡಿದ. ಅಲ್ಲಿ ಇನ್ನೇನೂ ಉಳಿದಿರಲಿಲ್ಲ. ಕಿರೀಟ ತೆಗೆಯಲು ಕೈ ಚಾಚಿದವನನ್ನು ಅವಳು ತಡೆದಳು. ಕಣ್ಣು ಮುಚ್ಚಿಕೊಂಡೇ, ಪಕ್ಕದಲ್ಲಿ ಯಾರೋ ಮಲಗಿದ್ದಾರೆ ಎಂಬಷ್ಟು ಮೆಲ್ಲಗೆ ಶುರುಮಾಡಿದಳು.

“ರಾಕ್ಷಸನೇ ಬಂದು ಕದ ತೆಗ್ದನಮ್ಮ. ಅವನ ಕಣ್ಣು ಕೆಂಡ ಆಗಿತ್ತು. ಊರಿನ ನಿದ್ದೆಯೆಲ್ಲ ಮನೆ ತುಂಬ ಮೂಟೆ ಕಟ್ಟಿಟ್ಟಿದ್ದ, ಆದ್ರೆ ಅವನಿಗೇ ಒಂದು ಚೂರೂ ನಿದ್ದೆ ಬರ್ತಿರ್ಲಿಲ್ಲ. ಪಕ್ಕದಲ್ಲಿ ಕೂತು ಕಥೆ ಹೇಳೋಕೆ ಅವನಿಗೆ ಯಾರೂ ಇರ್ಲಿಲ್ಲ…”

ಅವಳು ಉಸಿರೆಳೆದುಕೊಳ್ಳಲು ನಿಂತಳು. ಹೊರಗೆ ಮುಂದಿನವರ ಸರದಿಯ ಗಂಟೆ ಹೊಡೆಯಿತು. ಜೀವಂಧರ ಅದನ್ನು ಕೇಳಿಸಿಕೊಳ್ಳಲಿಲ್ಲ. ಸ್ಟೂಲನ್ನು ಅವಳ ಹತ್ತಿರಕ್ಕೆ ಎಳೆದುಕೊಂಡು ಕುಳಿತ.

“ಆಮೇಲೆ?” ಎಂದ.