ಸೀಬೆಮರದ ಸುತ್ತ ಬಿಳಿ ಗೆರೆ

"ಗರಗಸ ಕೆಳಗಿಡ್ರಿ. ಇಲ್ಲಾಂದ್ರೆ ನಾನು ಕತ್ತರಿ ತರ್ತೀನಿ."

ಹಿತ್ತಿಲ ಬಾಗಿಲಲ್ಲಿ ನಿಂತು ಟೈಲರಮ್ಮ ಹೀಗೆಂದಾಗ ಮೂರು ಬೀದಿಯ ನಾಯಿಗಳು ಬೊಗಳುವುದನ್ನು ನಿಲ್ಲಿಸಿದವು. ಸುಳ್ಳೆನಿಸಿದರೆ ಆ ನಾಯಿಗಳನ್ನೇ ಕೇಳಿ.

ಎದುರಿಗಿದ್ದವನು ಮರ ಕಡಿಯುವ ಗುತ್ತಿಗೆದಾರ. ಎತ್ತರ ಎಷ್ಟೆಂದರೆ, ಏಣಿಯನ್ನು ಸುಮ್ಮನೆ ಶೋಕಿಗೆ ತಂದಿದ್ದ.

"ತನ್ನಿ, ಪರವಾಗಿಲ್ಲ," ಎಂದ ಮೆಲ್ಲಗೆ. "ಸಣ್ಣ ಕೊಂಬೆ ನೀವು ನೋಡ್ಕೊಳ್ಳಿ, ದೊಡ್ಡದು ನಾನು."

ಅವಳಿಗೆ ನಗು ಬಂತು. ನುಂಗಿಕೊಂಡಳು.

ಹಿತ್ತಿಲಲ್ಲಿ ಆರು ಮುದಿ ಮರಗಳಿದ್ದವು. ಮನೆಯಲ್ಲಿ ಎರಡೇ ಕೋಣೆ. ಒಂದನ್ನು ಹೊಲಿಗೆ ಯಂತ್ರ ನುಂಗಿತ್ತು. ಇನ್ನೊಂದರಲ್ಲಿ ಒಬ್ಬರು ಮಗ್ಗುಲು ಬದಲಿಸಿದರೆ ಎಲ್ಲರೂ ಬದಲಿಸಬೇಕಿತ್ತು. ಅತ್ತಿಗೆಗೆ ಈಗ ಅವಳಿ ಮಕ್ಕಳಾಗುವುದಿತ್ತು. ಮನೆ ದೊಡ್ಡದಾಗಲೇಬೇಕು, ಮರಗಳು ಹೋಗಲೇಬೇಕು. ಅದು ಅವಳಿಗೂ ಗೊತ್ತು.

ಆದರೆ ಆ ಸೀಬೆಮರ... ಕಾಯಿಲೆಯ ಕೊನೆಯ ವರ್ಷ ಅಮ್ಮ ಅದರಡಿಯೇ ಕುರ್ಚಿ ಹಾಕಿಸಿಕೊಂಡು ಅವಳಿಗೆ ಅಂಗಿಯ ಗುಂಡಿಗೆ ಕಾಜಾ ಹೊಲಿಯಲು ಕಲಿಸಿದ್ದಳು.

"ಅದೊಂದನ್ನ ಬಿಡಿ," ಎಂದಳು.

"ಅಡುಗೆಮನೆ ಗೋಡೆ ಅಲ್ಲೇ ಬರುತ್ತೆ. ನೋಡ್ತೀನಿ."

'ನೋಡ್ತೀನಿ ಅಂದ್ರೆ ಆಗಲ್ಲ ಅಂತ,' ಎಂದುಕೊಂಡಳು ಅವಳು. ಆಮೇಲೆ ಅವನೊಂದಿಗೆ ಮಾತೇ ಆಡಲಿಲ್ಲ.

ಮೂರು ದಿನ ಅವನು ಬಂದ, ಅಳೆದ, ಮೇಸ್ತ್ರಿಯೊಂದಿಗೆ ಏನೇನೋ ಪಿಸುಗುಟ್ಟಿದ. ಕಿಟಕಿಯಿಂದ ಅವನನ್ನೇ ನೋಡುತ್ತ ಅವಳು ಒಂದು ಅಂಗಿಗೆ ಮೂರು ತೋಳು ಹೊಲಿದಳು. 'ಛೆ, ಮರ ಕಡಿಯೋನನ್ನ ಕಂಡ್ರೆ ಎದೆ ಯಾಕೆ ಹೀಗೆ ಹೊಡ್ಕೊಳ್ಳುತ್ತೆ?'

ಮೂರನೆಯ ಸಂಜೆ ಸೀಬೆಮರದ ಸುತ್ತ ಸೀಮೆಸುಣ್ಣದ ಗೆರೆ ಕಂಡಿತು. ಬೇರೆ ಯಾವ ಮರಕ್ಕೂ ಇಲ್ಲ, ಅದಕ್ಕೊಂದಕ್ಕೇ...

ಹದಿನೈದು ವರ್ಷ ಬಟ್ಟೆಯ ಮೇಲೆ ಸೀಮೆಸುಣ್ಣ ಎಳೆದವಳು ಅವಳು. ಗೆರೆ ಎಲ್ಲಿದೆಯೋ ಅಲ್ಲೇ ಕತ್ತರಿ. 'ಅಂದ್ರೆ ನಾಳೆ ಮೊದಲ ಏಟು ಇದಕ್ಕೇ!'

ಬಕೆಟ್ ನೀರು ತಂದು ತೊಗಟೆ ಕನ್ನಡಿಯಾಗುವಷ್ಟು ಉಜ್ಜಿದಳು. ಅವಳು ಸುರಿಸಿದ ಕಣ್ಣೀರೇ ಸಾಕಿತ್ತು, ಬಕೆಟ್ಟು ದಂಡ.

ಬೆಳಿಗ್ಗೆ ಗರಗಸದ ಸದ್ದಿಗೆ ಎದ್ದು ಓಡಿದಳು. ಗುತ್ತಿಗೆದಾರನ ಕೆಲಸದವರು ಸೀಬೆಯ ದೊಡ್ಡ ಕೊಂಬೆಯೊಂದನ್ನು ಆಗಲೇ ನೆಲಕ್ಕೆ ಕೆಡವಿದ್ದರು. ಅವಳು ಬೊಡ್ಡೆಯನ್ನು ತಬ್ಬಿ ನಿಂತಳು. ಹಗ್ಗ ತರಲು ಹೋಗಿದ್ದ ಅವನು ಗೇಟಿನಿಂದಲೇ ಕೂಗುತ್ತ ಬಂದ.

"ನಿಲ್ಲಿಸ್ರೋ! ಗುರುತು ಹಾಕಿದ್ದೆ, ಕಾಣಿಸ್ಲಿಲ್ವಾ?"

"ಗುರುತೇ ಇಲ್ಲ ಅಣ್ಣಾ," ಎಂದ ಕೆಲಸದವನು. "ಗುರುತಿಲ್ಲದ್ದೆಲ್ಲ ಕಡೀರಿ ಅಂದಿದ್ದು ನೀವೇ."

ಅವಳು ಬೊಡ್ಡೆ ತಬ್ಬಿದ್ದ ಕೈ ಸಡಿಲಿಸಿದಳು. "ಗೆರೆ ಅಂದ್ರೆ... ಕಡಿಯೋಕಲ್ವಾ?"

"ನಮ್ಮಲ್ಲಿ ಗೆರೆ ಹಾಕಿದ ಮರವನ್ನ ಯಾರೂ ಮುಟ್ಟೋ ಹಾಗಿಲ್ಲ."

"ನಾನೇ... ಅಳಿಸಿಬಿಟ್ಟೆ."

ಅವನು ಬೈಯಲಿಲ್ಲ. ಬಾಯಿ ಬಿಟ್ಟದ್ದು ಗದ್ದಲ ಕೇಳಿ ಹೊರಬಂದ ಅವಳ ಅಣ್ಣ. "ಮೂರು ದಿನ ನನ್ನ ತಲೆ ತಿಂದ ಕಣೇ ಇವನು. ಗೋಡೆ ನಾಲ್ಕಡಿ ಸರಿಸಿದ್ರೆ ಮರ ಉಳಿಯುತ್ತೆ ಅಂತ ಮೇಸ್ತ್ರಿ ಕೈಲಿ ನಕ್ಷೆನೇ ಬದಲಾಯಿಸಿಬಿಟ್ಟ." ಇಷ್ಟು ಹೇಳಿ ಅಣ್ಣ ಒಳಗೆ ನಡೆದ.

"ನಂಗ್ಯಾಕೆ ಹೇಳ್ಲಿಲ್ಲ?" ಅವಳು ಅವನತ್ತ ತಿರುಗಿದಳು.

"ಆಸೆ ಹುಟ್ಟಿಸಿ ಆಗದೇ ಹೋಗಿದ್ರೆ ನೀವು ಎರಡು ಸಲ ಅಳ್ತಿದ್ರಿ."

ಅವನು ಮರದಲ್ಲಿ ಕೊಂಬೆ ಕಡಿದ ಗಾಯವನ್ನು ನುಣ್ಣಗೆ ಕೆತ್ತತೊಡಗಿದ, ಮಗುವಿನ ಉಗುರು ತೆಗೆಯುವವನಂತೆ.

"ಬದುಕುತ್ತಾ?"

"ಬದುಕುತ್ತೆ. ಗಾಯ ಮುಚ್ಚೋಕೆ ಎರಡು ವರ್ಷ ಬೇಕು. ತಿಂಗಳಿಗೊಮ್ಮೆ ಬಂದು ನೋಡ್ತೀನಿ. ಮರಕ್ಕೆ ಅಷ್ಟು ಸಾಕು."

"ಮರಕ್ಕೆ ಸಾಕು..." ಅವಳು ನೆಲ ನೋಡುತ್ತ ಹೇಳಿದಳು. "ನಂಗೆ ಸಾಲಲ್ಲ."

ಕೆಲಸದವರಿಗೆಲ್ಲ ಇದ್ದಕ್ಕಿದ್ದಂತೆ ಹಗ್ಗ ಸುತ್ತುವ ಕೆಲಸ ನೆನಪಾಯಿತು. ಅವನ ಕಿವಿ ಕೆಂಪಗಾದದ್ದು ಊರಾಚೆಯವರಿಗೂ ಕಂಡಿರಬೇಕು.

"ನಂಗೂ ಸಾಲಲ್ಲ," ಎಂದ. "ಆದ್ರೆ ನಿಮ್ಮಣ್ಣನ್ನ ಒಪ್ಪಿಸೋಕೆ ಇನ್ನೂ ಮೂರು ದಿನ ಬೇಕಾಗ್ಬಹುದು."

"ನಾನೂ ಪಕ್ಕದಲ್ಲಿ ಕೂತ್ಕೋತೀನಿ. ಒಂದೇ ದಿನ ಸಾಕು."