ಎರಡು ಮೊಗ್ಗಿನ ಜಡೆಗಳು

ಗರ್ಭದ ಕತ್ತಲೆಯಲ್ಲಿ ಒಂದೊಂದು ಜೀವವನ್ನೂ ಬೇರೆಬೇರೆಯಾಗಿ ತಿದ್ದಿ, ತಿದ್ದಿದ ಬಗೆಯನ್ನು ಮಾತ್ರ ಯಾರಿಗೂ ತಿಳಿಸದ ಪರಮೇಶ್ವರನಿಗೆ ನಮಿಸಿ, ವರ್ತೂರಿನ ಒಂದು ಮನೆಯ ಕಥೆಯನ್ನು ಅರುಹುತ್ತೇನೆ.

ಗೋಡೆಯ ಮೇಲಿದ್ದ ಪಟವನ್ನು ಕಿತ್ತು ಪಿಳ್ಳಮ್ಮ ಸೊಸೆಯ ಮುಂದೆ ಎಸೆದ ರಭಸಕ್ಕೆ ಗಾಜು ಚೂರಾಯಿತು! ಮೂರು ವರ್ಷದ ಶಶಿಕುಮಾರ್, ಮುಡಿ ತೆಗೆಸುವ ಮುನ್ನ, ಲಂಗ ತೊಟ್ಟು ಮೊಗ್ಗಿನ ಜಡೆ ಹೆಣೆಸಿಕೊಂಡು ಕನ್ನಡಿಗೆ ಬೆನ್ನು ಮಾಡಿ ನಿಂತಿದ್ದ ಪಟವದು. ಆ ಮಗುವಿಗೆ ಈಗ ಇಪ್ಪತ್ತೆಂಟು. ತನ್ನ ಮನಸ್ಸು ಒಲಿಯುವುದು ಗಂಡಿಗೇ ಹೊರತು ಹೆಣ್ಣಿಗಲ್ಲವೆಂದು ಆತ ಅಂದು ಬೆಳಿಗ್ಗೆ ಬಾಯಿಬಿಟ್ಟು ಹೇಳಿದ್ದ. ಹೊಸಕೋಟೆಯ ಹೆಣ್ಣಿನ ಕಡೆಯವರು ತಾಂಬೂಲ ಬದಲಿಸಲು ಹೊರಡುವ ಹೊತ್ತು!

"ನೀನೇ ಕಣೇ ಭಾಗ್ಯಮ್ಮ, ನನ್ ಮೊಮ್ಮಗನ್ನ ಇಂಗ್ ಮಾಡಿದ್ದು! ಜಡೆ ಆಕಿ ಊವ ಮುಡಿಸ್ದೆ, ಗಂಡುಮಗೀನ ಮನಸ್ಸೇ ತಿರುಗೋಯ್ತು. ತೌರಿಗೆ ನಡಿ! ಇಲ್ಲಾ, ಅವ್ನು ತಾಳಿ ಕಟ್ಲಿ!"

ಮೇಲಿನ ಬಾಡಿಗೆ ಮನೆಗಳ ಕಿಟಕಿಗಳು ಒಂದೊಂದಾಗಿ ತೆರೆದವು. ಭಾಗ್ಯಮ್ಮ ತನ್ನನ್ನೇ ಶೋಧಿಸಿಕೊಂಡಳು. ಬಸಿರಿನಲ್ಲಿ ಹೆಣ್ಣು ಮಗುವನ್ನು ಬಯಸಿದ್ದೆನೇ? ಗ್ರಹಣದ ದಿನ ಹೊಸ್ತಿಲು ದಾಟಿದ್ದೆನೇ?... ಬಟ್ಟೆಗಳನ್ನು ಚೀಲಕ್ಕೆ ತುಂಬಿ ಎತ್ತಿಕೊಂಡಳು.

"ಅಮ್ಮನ್ನ ಕಳಿಸ್ಬೇಡ ಅಜ್ಜಿ..." ಶಶಿಕುಮಾರ್ ಬಾಗಿಲಿಗೆ ಅಡ್ಡನಿಂತ. "ಕಟ್ತೀನಿ ತಾಳಿ."

"ಬೇಡ ಕಣೋ! ಆ ಹುಡುಗಿ ಯಾರ್ ಹತ್ರ ಹೋಗಿ ಅಳ್ಬೇಕು?" ಎಂದಳು ತಾಯಿ.

ಶಶಿಕುಮಾರನ ತಂದೆ ರಾಮಾಂಜಿನಪ್ಪ ಒಳಗೆ ಹೋಗಿ, ಟ್ರಂಕಿನಿಂದ ಮಾಸಿದ ಕಪ್ಪುಬಿಳುಪು ಪಟವೊಂದನ್ನು ತಂದು ತನ್ನ ತಾಯಿ ಪಿಳ್ಳಮ್ಮನ ಕೈಯಲ್ಲಿ ಇಟ್ಟ. ಅದೇ ಲಂಗ, ಅದೇ ಕನ್ನಡಿ, ಅದೇ ಜಡೆ!

"ಇದ್ಯಾರವ್ವ?"

"ನೀನೇ ಕಣ್ಲಾ... ನಾನೇ ಎಣೆದಿದ್ದು."

"ಮತ್ತೆ ನಾನ್ಯಾಕವ್ವ ಅಂಗಾಗ್ಲಿಲ್ಲ?"

ಪಿಳ್ಳಮ್ಮ ಪಟವನ್ನು ಕಣ್ಣಿನ ಹತ್ತಿರ ಹಿಡಿದಳು. "ಅಂಗಾದ್ರೆ... ಎಲ್ಲಿಂದ ಬಂತು ಮಗಾ ಇದು?"

"ಗೊತ್ತಿಲ್ಲವ್ವ. ಓದಿದ ಡಾಕ್ಟ್ರುಗಳಿಗೂ ಪೂರ್ತಿ ಗೊತ್ತಿಲ್ವಂತೆ. ಅವನ್ ಜೊತೇಲೇ ಬಂದದೆ, ಯಾರೂ ಮಾಡಿದ್ದಲ್ಲ."

ರಾಮಾಂಜಿನಪ್ಪ ಹೊಸಕೋಟೆಗೆ ಫೋನು ಮಾಡಿದ. "ಹೊರಡ್ಬೇಡಿ. ಹುಡುಗೀದು ಏನೂ ತಪ್ಪಿಲ್ಲ, ತಪ್ಪು ನಮ್ದು." ಆ ಕಡೆಯಿಂದ ಬಂದ ಬೈಗುಳವನ್ನೆಲ್ಲ, ಊರಿನಲ್ಲಿ ಮಾನ ಉಳ್ಳ ಆ ಮನುಷ್ಯ, ತಲೆತಗ್ಗಿಸಿ ಕೊನೆಯವರೆಗೂ ಕೇಳಿಸಿಕೊಂಡ.

ಪಿಳ್ಳಮ್ಮ ಮೆಲ್ಲನೆ ಕುಕ್ಕರಿಸಿ ಗಾಜಿನ ಚೂರುಗಳನ್ನು ಆರಿಸತೊಡಗಿದಳು. "ಬಿಡಿ ಅತ್ತೆ, ಕೈ ಕುಯ್ಯುತ್ತೆ," ಎಂದು ಭಾಗ್ಯಮ್ಮ ಚೀಲ ಕೆಳಗಿಟ್ಟು ಆ ಕೈ ಹಿಡಿದಳು. ಮುದುಕಿ ಕಣ್ಣೊರೆಸಿಕೊಂಡು ಎರಡು ಪಟಗಳನ್ನೂ ಪಕ್ಕಪಕ್ಕದಲ್ಲಿ ಗೋಡೆಗೆ ಒರಗಿಸಿ ನೋಡಿದಳು.

"ನಾನ್ ಆಕಿದ್ ಜಡೆಗಿಂತ... ನೀನ್ ಆಕಿದ್ದೇ ಚೆಂದಾಗದೆ ಬಿಡು."

ಈ ಕಥೆಯನ್ನು ಕೇಳಿದವರ ಮನೆಗಳಲ್ಲಿ ಯಾವ ತಾಯಿಯೂ ತಾನು ಮಾಡದ ತಪ್ಪಿಗೆ ತಲೆಬಾಗದಿರಲಿ, ಯಾವ ಮಗುವೂ ತನ್ನ ಹುಟ್ಟಿಗೆ ಕಾರಣ ಹೇಳಬೇಕಾಗಿ ಬಾರದಿರಲಿ. ಸಕಲರಿಗೂ ಮಂಗಳವಾಗಲಿ.