ನಗುವ ಕೊಡ

ನೀರಿಗೂ ಬಾಯಿದ್ದ ಕಾಲದಲ್ಲಿ, ಕೆಂಡಗಿರಿ ಎಂಬ ರಾಜ್ಯದಲ್ಲಿ, ಬಾಚಲೆ ಎಂಬ ಹೆಣ್ಣುಮಗಳು ಸಾರಾಯಿ ಭಟ್ಟಿ ಇಳಿಸುತ್ತಿದ್ದಳು. ಅವಳ ತಮ್ಮ ಚಾವುಂಡನನ್ನು ನೀರಮಲ್ಲನೆಂಬ ಮಾಂತ್ರಿಕ ಹಿಡಿದು ಸಾರಾಯಿಯಾಗಿಸಿ ಕೊಡದಲ್ಲಿ ತುಂಬಿದ. ತಾನು ನೀರಾಗಿ ಅದರೊಳಗೇ ಧುಮುಕಿ ಬೆರೆತುಹೋದ.

"ಮೂರು ದಿನದಲ್ಲಿ ನಮ್ಮಿಬ್ಬರನ್ನು ಬೇರೆ ಮಾಡು, ನಿನ್ನ ತಮ್ಮ ಎದ್ದು ಬರುತ್ತಾನೆ. ನನ್ನದೊಂದು ಹನಿ ಉಳಿದರೂ ಅವನು ನನ್ನವನೇ!" ಎಂದು ಕೊಡ ಗಹಗಹಿಸಿ ನಕ್ಕಿತು.

ಬಾಚಲೆ ಕೊಡ ಹೊತ್ತು ರಾಜನಲ್ಲಿಗೆ ದೂರು ಒಯ್ದು, ಅವನ ಅಪ್ಪಣೆ ಪಡೆದು ಅರಮನೆಯ ಅಂಗಳದಲ್ಲೇ ಒಲೆ ಹೂಡಿದಳು. ಕಾಯಿಸಿದರೆ ಸಾರಾಯಿ ಮುಂದಾಗಿ ಆವಿಯಾಗುತ್ತದೆ, ನೀರು ಹಿಂದುಳಿಯುತ್ತದೆ. ಅದು ಅವಳ ಕುಲದ ವಿದ್ಯೆ. ಮೊದಲ ದಿನ ಇಳಿಸಿದಳು, ನಗು ಅರ್ಧ ತಗ್ಗಿತು. ಎರಡನೆಯ ದಿನ ಇಳಿಸಿದಳು, ನಗು ಪಿಸುಮಾತಾಯಿತು. ಮೂರನೆಯ ದಿನ ಇಳಿಸಿದಳು, ಪಿಸುಮಾತು ಹಾಗೇ ಇತ್ತು. ಮತ್ತೆ ಇಳಿಸಿದರೂ ನೀರಿನ ಪಾಲು ಹಂಡೆಯಲ್ಲಿ ಎಷ್ಟೋ ಆವಿಯಲ್ಲೂ ಅಷ್ಟೇ. ಅದೇ ಅಳತೆಯಲ್ಲಿ ಇಬ್ಬರೂ ಜೊತೆಯಾಗಿ ಏರುತ್ತಿದ್ದರು.

"ಬೆಂಕಿ ಸಾಲದು! ನಿನ್ನ ಕೈಗುಣವೇ ಸರಿಯಿಲ್ಲ," ಎಂದ ಮಂತ್ರಿ, ನೆರಳಲ್ಲಿ ಕೂತು.

ಬಾಚಲೆಗೆ ಮೈಯೆಲ್ಲ ಉರಿದುಹೋಯಿತು. "ಒಂದು ದಿನ ಸೌದೆ ಹೊತ್ತಿದ್ದೀರಾ, ಮಂತ್ರಿಗಳೇ? ಕಾಡೆಲ್ಲ ಉರಿಸಿದರೂ ಇದು ಇಷ್ಟೇ. ಬೆಂಕಿಯ ಕೈಲಾಗುವುದು ಇಲ್ಲಿಗೆ ಮುಗಿಯಿತು. ಆ ಕಳ್ಳನಿಗೆ ಇದು ಮೊದಲೇ ಗೊತ್ತಿತ್ತು!"

ಏಳು ಸಲ ಇಳಿಸಿದರೆ ಎಲ್ಲವೂ ಬೇರೆಯಾಗುತ್ತದೆ ಎಂದು ಕಲಿಸಿದ ಹಿರಿಯರ ಮೇಲೂ ಅವಳಿಗೆ ಸಿಟ್ಟು ಬಂತು. ಹೊತ್ತು ಇಳಿಯುತ್ತಿತ್ತು. ಅರಮನೆಯ ಗೋಡೆಗೆ ಬಳಿಯಲು ತಂದ ಸುಟ್ಟ ಸುಣ್ಣದ ಕಲ್ಲು ಬುಟ್ಟಿಯಲ್ಲಿತ್ತು. ನೀರು ಕಂಡರೆ ಬಿಡದ ಕಲ್ಲು ಅದು, ಸಾರಾಯಿ ಅದಕ್ಕೆ ಬೇಡ. ಒಲೆಯ ಬೆಂಕಿ ಎಳೆದು, ಇಳಿಸಿದ್ದನ್ನೆಲ್ಲ ತಣಿಸಿ, ಬುಟ್ಟಿಯನ್ನೇ ಅದರೊಳಗೆ ಸುರುವಿದಳು.

"ಕುಡಿ! ಅವನನ್ನು ಕುಡಿದು ಮುಗಿಸು!"

ಸುಣ್ಣ ಬುಸುಗುಟ್ಟಿತು, ಉಬ್ಬಿತು, ಒಡೆದು ಪುಡಿಯಾಯಿತು. ಪಿಸುಮಾತು ಚೀರಾಟವಾಗಿ, ಆಮೇಲೆ ಅಡಗಿಹೋಯಿತು. ಅದನ್ನು ಮೆಲ್ಲಗೆ ಕಾಯಿಸಿ ಕೊನೆಯ ಸಲ ಕೊಡಕ್ಕೆ ಇಳಿಸಿದಳು. ಸೂರ್ಯ ಮುಳುಗುವ ಮುನ್ನ ಕೊಡದಿಂದ ಚಾವುಂಡ ಎದ್ದು ನಿಂತ.

ಬಾಚಲೆ ಅವನ ಕೆನ್ನೆಗೆ ಫಟಾರನೆ ಬಾರಿಸಿದಳು. "ಬಿಟ್ಟಿ ಕುಡಿತಕ್ಕೆ ಮಾಂತ್ರಿಕನ ಮನೆಗೆ ಹೋಗಬೇಡ ಅಂತ ಎಷ್ಟು ಸಲ ಬಡಕೊಂಡೆನೋ, ಮೂಳ!"

"ತಪ್ಪಾಯ್ತಕ್ಕಾ," ಎಂದ ಅವನು. ಅವಳು ಅವನನ್ನು ಬಾಚಿ ತಬ್ಬಿಕೊಂಡು ಅತ್ತಳು.

ಸುಣ್ಣದಲ್ಲಿ ಸೇರಿಹೋದ ನೀರಮಲ್ಲನನ್ನು ಮಂತ್ರಿಯ ಕೈಯಿಂದಲೇ ಅರಮನೆಯ ಗೋಡೆಗೆ ಬಳಿಸಿದರು. ಅಕ್ಕತಮ್ಮ ಬೈದಾಡಿಕೊಂಡು, ಉಂಡುಕೊಂಡು, ನೂರು ವರ್ಷ ಸುಖವಾಗಿ ಬಾಳಿದರು.